ಸಿಖ್ಖರ ಭಾಯಿ ಗುರುದಾಸರು

ಅಮೃತಸರದ ಸುವರ್ಣಮಂದಿರವನ್ನು ಕಂಡುಬಂದವರು ಶ್ರೋತೃಗಳಲ್ಲಿ ಹಲವರಿರಬಹುದು. ಸರೋವರದ ನಡುವೆ ನಿಂತ ಆ ಮಂದಿರದೊಳಗೆ ವಿಗ್ರಹವಿಲ್ಲ. ಮೇಲ್ಕಟ್ಟಿನ ಕೆಳಗೆ, ಪಟ್ಟೆವಸ್ತ್ರಗಳ ಮೇಲೆ ಒಂದು ದೊಡ್ಡ ಗ್ರಂಥವಿರುತ್ತದೆ; ಅದಕ್ಕೆ ಚಾಮರ ಬೀಸುತ್ತಿರುತ್ತಾರೆ. ರಾತ್ರಿಯಾದರೆ ಅದನ್ನು ಪಲ್ಲಕ್ಕಿಯಲ್ಲಿ ಎದುರಿಗಿರುವ ಅಕಾಲ ತಖ್ತಕ್ಕೆ ಬಿಜಯಮಾಡಿಸುತ್ತಾರೆ. ನಸುಕಿನಲ್ಲಿ ಮತ್ತೆ ಕರೆತರುತ್ತಾರೆ. ಅರಸನಿಗೆ ಸಲ್ಲುವ ಉಪಚಾರವೆಲ್ಲ ಅಲ್ಲಿ ಗ್ರಂಥಕ್ಕೆ ಸಲ್ಲುತ್ತದೆ. ಅದರಲ್ಲಿ ಯಾವ ಯಾವ ಗುರುಗಳ, ಯಾವ ಯಾವ ಸಂತರ ವಾಣಿಯಿದೆಯೆಂಬುದನ್ನು ಬಲ್ಲವರು ಬಹಳ ಮಂದಿ. ಆದರೆ ಮೊತ್ತಮೊದಲು ಲೇಖನಿ ಹಿಡಿದು ಅದನ್ನು ಆದ್ಯಂತವಾಗಿ ಬರೆದ ಕೈ ಯಾರದು ಎಂದು ಕೇಳುವವರು ಕಡಮೆ. ಪೂಜೆಗೊಂಡ ಗ್ರಂಥದ ಲಿಪಿಕಾರನನ್ನು ಲೋಕವು ಮರೆಯುವುದು ಸಹಜವೇ ಸರಿ.

ಆ ಕೈ ಭಾಯಿ ಗುರುದಾಸರದು. ಭಾಯಿ ಎಂದರೆ ಸೋದರ; ಸಿಖ್ಖರು ತಮ್ಮಲ್ಲಿ ಹಿರಿಯರಾದ ಭಕ್ತರಿಗೆ ಕೊಡುವ ಬಿರುದು ಅಷ್ಟೆ. ಗುರುದಾಸರು ಗುರುಪೀಠವನ್ನು ಏರಿದವರಲ್ಲ, ಬಯಸಿದವರೂ ಅಲ್ಲ. ಮೂರನೆಯ ಗುರುವಿನಿಂದ ಆರನೆಯ ಗುರುವಿನವರೆಗೆ ನಾಲ್ವರ ಕಾಲದಲ್ಲಿಯೂ ಬಾಳಿ, ಪಂಥಕ್ಕೆ ಬಂದ ಇಕ್ಕಟ್ಟುಗಳಲ್ಲೆಲ್ಲ ಅದರ ಮಗ್ಗುಲಲ್ಲಿ ನಿಂತು, ನಾನಕರ ಉಪದೇಶವನ್ನು ಸಾಮಾನ್ಯ ಜನಕ್ಕೆ ತಿಳಿಯುವಂತೆ ಬಿಡಿಸಿ ಹೇಳಿದ ಪಂಡಿತರು ಅವರು. ವಿದ್ಯಾವಂತನೊಬ್ಬನು ಭಕ್ತರ ಸಮುದಾಯಕ್ಕೆ ಏನನ್ನು ಕೊಡಬಲ್ಲನು, ಅವನು ಎಡವುವುದು ಎಲ್ಲಿ, ಎಂಬ ಎರಡು ಪ್ರಶ್ನೆಗಳಿಗೂ ಅವರ ಬಾಳಿನಲ್ಲಿ ಉತ್ತರ ದೊರೆಯುವುದೆಂದು ನಮಗೆ ತೋರುತ್ತದೆ.

ಗುರುದಾಸರು ಕ್ರಿ. ಶ. 1551ರ ಸುಮಾರಿಗೆ ಪಂಜಾಬಿನಲ್ಲಿ ಭಲ್ಲಾ ಎಂಬ ಖತ್ರಿ ಮನೆತನದಲ್ಲಿ ಹುಟ್ಟಿದರು. ಮೂರನೆಯ ಗುರು ಅಮರದಾಸರು ಇವರಿಗೆ ಸಂಬಂಧದಲ್ಲಿ ದೊಡ್ಡಪ್ಪನಾಗಬೇಕು. ಎಳವೆಯಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡ ಹುಡುಗನು ಗೋಯಿಂದವಾಲದಲ್ಲಿ, ಗುರುವಿನ ಆಶ್ರಯದಲ್ಲಿ ಬೆಳೆದನು. ಬಿಯಾಸ್ ನದಿಯ ದಡದ ಈ ಊರು ದೆಹಲಿಯಿಂದ ಲಾಹೋರಿಗೆ ಹೋಗುವ ಹೆದ್ದಾರಿಯಲ್ಲಿದ್ದಿತು. ದೋಣಿಗಾಗಿ ಕಾಯುವ ವರ್ತಕರು, ಸೈನಿಕರು, ಫಕೀರರು, ಜೋಗಿಗಳು ಎಲ್ಲರೂ ಅಲ್ಲಿ ತಂಗುತ್ತಿದ್ದರು. ಅಮರದಾಸರು ಅಲ್ಲಿ 84 ಮೆಟ್ಟಿಲುಗಳ ಬಾವಿಯೊಂದನ್ನು ಕಟ್ಟಿಸಿದರು. ತಮ್ಮನ್ನು ಕಾಣಬಂದವರು ಮೊದಲು ಲಂಗರಿನಲ್ಲಿ, ಎಂದರೆ ಅನ್ನಛತ್ರದಲ್ಲಿ, ಜಾತಿಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂದು ವಿಧಿಸಿದರು. ಇಂಥ ಊರಿನಲ್ಲಿ ಬೆಳೆದವನಿಗೆ ನಾಡಿನ ನುಡಿಗಳೂ ಮತಗಳೂ ಕಿವಿಗೆ ಬೀಳದೆ ಇರಲಾರವು. ಗುರುದಾಸರು ಸಂಸ್ಕೃತ, ಪಾರಸಿ, ಬ್ರಜಭಾಷೆಗಳನ್ನು ಕಲಿತರು, ಪುರಾಣಗಳನ್ನು ಬಲ್ಲವರಾದರು. ಅವರು ಮದುವೆಯಾಗಲಿಲ್ಲ.

ನಾಲ್ಕನೆಯ ಗುರು ರಾಮದಾಸರು ಈ ತರುಣನನ್ನು ಧರ್ಮಬೋಧೆಗೆಂದು ಆಗ್ರಾ ನಗರಕ್ಕೆ ಕಳುಹಿದರು. ಆಗ್ರಾ ಮೊಗಲರ ಮಹಾನಗರ. ಮಥುರೆ ಬೃಂದಾವನಗಳು ಅದಕ್ಕೆ ಹತ್ತಿರ. ಅಲ್ಲಿಯ ರಸಿಕರ ಭಾಷೆ ಬ್ರಜ. ಕೃಷ್ಣಭಕ್ತರ ಕವಿತ್ವವೆಲ್ಲ ಅದರಲ್ಲಿ ಹರಿಯುತ್ತಿದ್ದ ಕಾಲವದು. ಗುರುದಾಸರು ಪಂಜಾಬಿನ ಉಪದೇಶವನ್ನು ಆ ಭಾಷೆಯ ಕಬಿತ್ತುಗಳಲ್ಲಿ ಹಾಡಿದರು. ಬಿತ್ತುವವನು ನೆಲದ ಗುಣವನ್ನು ತಿಳಿದಿರಬೇಕಷ್ಟೆ. ಇಂದಿಗೆ ಉಳಿದಿರುವ ಅವರ ಕಬಿತ್ತು ಸವಯ್ಯಾಗಳು 675. ಅವುಗಳಲ್ಲಿ ಪಾಂಡಿತ್ಯ ಹೆಚ್ಚು. ಜನರು ಅವರನ್ನು ನೆನೆಯುವುದು ಪಂಜಾಬಿಯಲ್ಲಿ ಬರೆದ ವಾರುಗಳಿಂದ. ಆ ಮಾತು ಮುಂದೆ ಬರುತ್ತದೆ.

1581ರಲ್ಲಿ ರಾಮದಾಸರು ಹಿರಿಯ ಮಗ ಪೃಥೀಚಂದನನ್ನು ಬಿಟ್ಟು ಕಿರಿಯ ಮಗ ಅರ್ಜುನರಿಗೆ ಪೀಠವನ್ನು ಒಪ್ಪಿಸಿ ತೀರಿಕೊಂಡರು. ಅರ್ಜುನರಿಗೆ ಆಗ ಹದಿನೆಂಟು ವರ್ಷ. ರಾಮದಾಸರ ಪತ್ನಿ ಬೀಬಿ ಭಾನಿಯು ಅಮರದಾಸರ ಮಗಳು. ಆದುದರಿಂದ ಗುರುದಾಸರು ಈ ಹುಡುಗರಿಗೆಲ್ಲ ಸೋದರಮಾವನ ಸ್ಥಾನದಲ್ಲಿದ್ದವರು. ಮನೆಯಲ್ಲಿ ಬಿರುಕು ಬಿಟ್ಟಾಗ ಸೋದರಮಾವನು ಎರಡು ಕಡೆಗೂ ಸಲ್ಲುವ ಮಾತನ್ನಾಡಿ ಮನೆಯನ್ನು ಉಳಿಸುವುದು ನಮ್ಮ ಕಡೆಯಂತೆ ಅಲ್ಲಿಯೂ ವಾಡಿಕೆ. ಗುರುದಾಸರು ಆ ದಾರಿಯನ್ನು ಹಿಡಿಯಲಿಲ್ಲ. ಸಂಪ್ರದಾಯವು ಹೇಳುವಂತೆ, ಅವರು ಆಗ್ರಾದಿಂದ ಹಿಂದಿರುಗಿ ನೋಡುವಾಗ ಗುರುವಿನ ಲಂಗರಿನಲ್ಲಿ ಒರಟು ರೊಟ್ಟಿಯ ಹೊರತು ಬೇರೇನೂ ಇರಲಿಲ್ಲ. ಪೃಥೀಚಂದನ ಕಡೆಯವರು ಊರ ಹೊರಗೇ ಯಾತ್ರಿಕರನ್ನು ತಡೆದು ಕಾಣಿಕೆಗಳನ್ನು ತಮ್ಮತ್ತ ತಿರುಗಿಸಿಕೊಳ್ಳುತ್ತಿದ್ದರು. ಉಣ್ಣಲು ಮಾತ್ರ ಬಂದವರನ್ನು ಅರ್ಜುನರ ಲಂಗರಿಗೆ ಕಳುಹುತ್ತಿದ್ದರು. ಗುರುದಾಸರೂ ನಾನಕರನ್ನೇ ಕಣ್ಣಾರೆ ಕಂಡಿದ್ದ ವೃದ್ಧರಾದ ಬಾಬಾ ಬುಡ್ಢಾ ಎಂಬವರೂ ಊರ ಹೊರಗಿನ ದಾರಿಯಲ್ಲಿ ಕುಳಿತು, ಬಂದವರಿಗೆಲ್ಲ ನಿಜವಾದ ಗುರು ಯಾರೆಂಬುದನ್ನು ತಿಳಿಸಿ ಒಳಕ್ಕೆ ಕಳುಹತೊಡಗಿದರು. ಪೃಥೀಚಂದನ ಪಕ್ಷದವರಿಗೆ ಮೀಣಾ, ಎಂದರೆ ಕಪಟಿಗಳು, ಎಂಬ ಹೆಸರು ಸಲ್ಲುತ್ತದೆ. ಗುರುದಾಸರ 36ನೆಯ ವಾರು ಮೊದಲಿನಿಂದ ಕೊನೆಯವರೆಗೆ ಅವರ ಖಂಡನೆ. ಅದನ್ನು ಓದುವಾಗ ಕೆಲವೆಡೆ ನಮಗೆ ನುಡಿ ಅತಿ ಕಟುವಾಯಿತೆನಿಸುವುದುಂಟು. ಆದರೆ ಬೈದವನು ಬೈದದ್ದು ತನ್ನ ಸೋದರಳಿಯನ ಪಕ್ಷವನ್ನು ಎಂಬುದನ್ನು ನೆನೆದರೆ, ಆ ಕಟುತ್ವದ ಒಳಗಿನ ನೋವು ತಿಳಿಯುತ್ತದೆ.

ಆ ಕಲಹದಿಂದಲೇ ಗ್ರಂಥದ ಅವಶ್ಯಕತೆಯು ತೀವ್ರವಾಯಿತು. ಸಿಖ್ಖರ ಗುರುಗಳೆಲ್ಲರೂ ತಮ್ಮ ಪದಗಳಿಗೆ ನಾನಕ ಎಂಬ ಒಂದೇ ಅಂಕಿತವನ್ನು ಇಡುತ್ತಿದ್ದರು. ದೀಪದಿಂದ ದೀಪ ಹತ್ತುವಂತೆ ಗುರುತ್ವವು ಒಂದೇ ಎಂಬುದು ಅವರ ನಂಬಿಕೆ. ಆ ನಂಬಿಕೆಯೇ ಕಳ್ಳನಿಗೂ ಬಾಗಿಲನ್ನು ತೆರೆಯಿತು. ನಾನಕ ಎಂದು ಅಂಕಿತ ಹಾಕಿ ಯಾರು ಬೇಕಾದರೂ ಹಾಡು ಕಟ್ಟಿ ಹರಡಬಹುದಾಗಿದ್ದಿತು. ಪೃಥೀಚಂದನ ಮಗ ಮೆಹರಬಾನನು ಹಾಗೆಯೇ ಮಾಡಿದನು, ಅವನು ಒಳ್ಳೆಯ ಕವಿಯೂ ಆಗಿದ್ದನು. ನಿಜವಾದ ವಾಣಿ ಯಾವುದು, ಹುಸಿ ಯಾವುದು ಎಂಬುದನ್ನು ನಿರ್ಣಯಿಸದಿದ್ದರೆ ಒಂದು ತಲೆಮಾರಿನೊಳಗೆ ನಾನಕರ ಉಪದೇಶವು ನೀರಿನಲ್ಲಿ ಕಲಸಿದ ಹಾಲಾಗುತ್ತಿದ್ದಿತು. ಅರ್ಜುನರು ಅಮೃತಸರದ ರಾಮಸರವೆಂಬ ಕೊಳದ ದಡದಲ್ಲಿ ಬಿಡಾರ ಮಾಡಿ, ಅಲ್ಲಲ್ಲಿ ಚೆದರಿದ್ದ ಪದಗಳನ್ನು ತರಿಸಿ, ಶೋಧಿಸಿ ಹೇಳುತ್ತ ಹೋದರು; ಗುರುದಾಸರು ಗುರುಮುಖಿ ಲಿಪಿಯಲ್ಲಿ ಬರೆಯುತ್ತ ಹೋದರು. 1604ರಲ್ಲಿ ಕೆಲಸವು ಮುಗಿದು, ಗ್ರಂಥವು ಹರಿಮಂದಿರದಲ್ಲಿ ಸ್ಥಾಪಿತವಾಯಿತು. ಬಾಬಾ ಬುಡ್ಢಾ ಅದರ ಮೊದಲನೆಯ ಗ್ರಂಥಿ, ಎಂದರೆ ವಾಚಕರು, ಆದರು.

ಐವರು ಗುರುಗಳ ವಾಣಿಯ ಜೊತೆಗೆ ಅದರಲ್ಲಿ ನೇಕಾರ ಕಬೀರನಿದ್ದಾನೆ, ಚಮ್ಮಾರ ರವಿದಾಸನಿದ್ದಾನೆ, ಮುಸಲ್ಮಾನ ಸಂತನಾದ ಶೇಖ್ ಫರೀದನಿದ್ದಾನೆ, ಪಂಢರಪುರದ ವಿಠಲನನ್ನು ಹಾಡಿದ ಸಿಂಪಿಗ ನಾಮದೇವನಿದ್ದಾನೆ. ಪದಗಳನ್ನು ಅಳವಡಿಸಿರುವುದು ಮುಖ್ಯವಾಗಿ ರಾಗಗಳ ಅನುಕ್ರಮದಲ್ಲಿ. ಮೊದಲು ರಾಗ, ಅದರೊಳಗೆ ಗುರು, ಆಮೇಲೆ ಸಂತ. ಇಂಥ ತೊಡಕಿನ ಕಟ್ಟಡವನ್ನು ಬರಹಕ್ಕೆ ಇಳಿಸುವುದೆಂದರೆ ಕೇವಲ ದುಂಡನೆಯ ಅಕ್ಷರದ ಕೆಲಸವಲ್ಲ. ಜಲಂಧರದ ಹತ್ತಿರದ ಕರ್ತಾರಪುರದಲ್ಲಿ ಸೋಢಿ ಮನೆತನದವರು ಕಾಪಾಡಿಕೊಂಡು ಬಂದಿರುವ ಪ್ರತಿಯೇ ಗುರುದಾಸರ ಕೈಬರಹವೆಂದು ಸಂಪ್ರದಾಯವು ಹೇಳುತ್ತದೆ. ಅದರಲ್ಲಿ 974 ಹಾಳೆಗಳಿವೆ. ನಡುನಡುವೆ ಬರೆಯದೆ ಬಿಟ್ಟ ಪುಟಗಳು ಬಹಳ.

ಅಷ್ಟು ಪುಟಗಳು ಬರಿದಾಗಿದ್ದರೂ ಬರೆದವರ ಪದ್ಯ ಒಂದೂ ಅದರೊಳಗೆ ಸೇರಲಿಲ್ಲ. ಗುರುಗಳು ಗುರುದಾಸರ ಕೃತಿಗಳನ್ನೂ ಸೇರಿಸಬೇಕೆಂದು ಹೇಳಿದರೆಂದೂ, ಅವರು ಕೈಮುಗಿದು ಒಲ್ಲೆನೆಂದರೆಂದೂ, ಆಗ ಗುರುಗಳು ಆ ಕೃತಿಗಳು ಗ್ರಂಥಕ್ಕೆ ಬೀಗದ ಕೈಯಾಗಲಿ ಎಂದು ಹರಸಿದರೆಂದೂ ಸಿಖ್ಖರು ಹೇಳುತ್ತಾರೆ. ತನ್ನ ಲೇಖನಿ, ತನ್ನ ಮಸಿ, ಎದುರಿಗೆ ತೆರೆದ ಹಾಳೆ, ಜೊತೆಗೆ ಗುರುವಿನ ಅಪ್ಪಣೆ! ಕವಿಗಳಾದವರು ಆ ಗಳಿಗೆಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು.

ಬೀಗದ ಕೈ ಎಂಬ ಆ ಕೃತಿಗಳೇ ಮುಖ್ಯವಾಗಿ ವಾರುಗಳು. ವಾರು ಎಂಬುದು ಪಂಜಾಬಿನ ವೀರಗೀತೆ. ನಮ್ಮಲ್ಲಿ ಲಾವಣಿಯಂತೆ, ಢಾಢಿಗಳೆಂಬ ಗಾಯಕರು ಚಿಕ್ಕ ಡೋಲು ಬಾರಿಸುತ್ತ ಊರೂರಿನಲ್ಲಿ ಯುದ್ಧಕಥೆಗಳನ್ನು ಹಾಡುವುದು ಈ ಮಟ್ಟಿನಲ್ಲಿ. ಅದರ ಒಂದೊಂದು ನುಡಿಗೂ ಪೌಡಿ, ಎಂದರೆ ಮೆಟ್ಟಿಲು, ಎಂದು ಹೆಸರು. ಗುರುದಾಸರು ರಚಿಸಿದ ವಾರುಗಳು 40. ಇಂದಿನ ಮುದ್ರಿತ ಪುಸ್ತಕಗಳಲ್ಲಿ ಕಾಣುವ 41ನೆಯದು ಅದೇ ಹೆಸರಿನ ಬೇರೊಬ್ಬನು ಮುಂದಿನ ಕಾಲದಲ್ಲಿ ಬರೆದದ್ದು. ಮೊದಲನೆಯ ವಾರಿನಲ್ಲಿ ನಾನಕರ ಸಂಚಾರದ ಕಥೆಯಿದೆ. ಮಕ್ಕಾ, ಬಾಗದಾದು, ಸುಮೇರುವಿನ ಸಿದ್ಧರು, ಬಟಾಲದ ಜಾತ್ರೆ, ಎಲ್ಲವೂ ಬರುತ್ತವೆ. ಮುಲತಾನಿನ ಸಂಗತಿಯೊಂದು ಬಹಳ ಸೊಗಸು. ನಾನಕರು ಆ ಊರನ್ನು ಸಮೀಪಿಸಿದಾಗ ಅಲ್ಲಿಯ ಪೀರರು ಅಂಚಿನವರೆಗೆ ಹಾಲು ತುಂಬಿದ ಬಟ್ಟಲೊಂದನ್ನು ಇದಿರಿಗೆ ತಂದರಂತೆ. ಊರಿನಲ್ಲಿ ಸಂತರು ತುಂಬಿದ್ದಾರೆ, ಇನ್ನೊಬ್ಬರಿಗೆ ಎಡೆಯಿಲ್ಲ ಎಂದು ಅದರ ಅರ್ಥ. ನಾನಕರು ಪಕ್ಕದಿಂದ ಒಂದು ಮಲ್ಲಿಗೆಯ ಹೂವನ್ನು ಕಿತ್ತು ಹಾಲಿನ ಮೇಲಿಟ್ಟರು. ಒಂದು ತೊಟ್ಟೂ ಚೆಲ್ಲಲಿಲ್ಲ.

ಬೋಧಕನಾಗಿ ಗುರುದಾಸರ ಹಿರಿಮೆಯಿರುವುದು ಅವರ ಹೋಲಿಕೆಗಳಲ್ಲಿ. ಧ್ರುವ, ಪ್ರಹ್ಲಾದ, ಹರಿಶ್ಚಂದ್ರ, ದ್ರೌಪದಿ, ಸುದಾಮರ ಕಥೆಗಳನ್ನು ಅವರು ಹತ್ತನೆಯ ವಾರಿನಲ್ಲಿ ಸಾಲುಸಾಲಾಗಿ ಹೇಳಿ, ಅವರ ಜೊತೆಯಲ್ಲಿಯೇ ಕಬೀರನನ್ನೂ ರವಿದಾಸನನ್ನೂ ಕೂರಿಸುತ್ತಾರೆ. ಪುರಾಣವನ್ನು ಬಿಟ್ಟರೆ ಹೊಲ, ಅಡುಗೆಮನೆ, ಅಂಗಡಿ ಇವೇ ಅವರ ಶಾಸ್ತ್ರ. ಎಲೆ, ಅಡಕೆ, ಸುಣ್ಣ, ಕಾಚು ಬೇರೆ ಬೇರೆ ಬಣ್ಣದವಾದರೂ ಬಾಯಲ್ಲಿ ಕೂಡಿದಾಗ ಒಂದೇ ಕೆಂಪಾಗುವಂತೆ ನಾಲ್ಕು ವರ್ಣಗಳೂ ಸತ್ಸಂಗದಲ್ಲಿ ಒಂದಾಗುತ್ತವೆಂದು ಹೇಳುತ್ತಾರೆ. ತಲೆ, ಕಣ್ಣು, ಕಿವಿಗಳು ಎತ್ತರದಲ್ಲಿವೆಯೆಂದು ಬೀಗುತ್ತವೆ. ಎಲ್ಲಕ್ಕೂ ಕೆಳಗಿರುವ ಪಾದವನ್ನೇ ಜನರು ಮುಟ್ಟಿ ನಮಸ್ಕರಿಸುವುದು. ಬೆರಳುಗಳಲ್ಲಿ ಚಿಕ್ಕದಾದ ಕಿರುಬೆರಳಿಗೇ ಉಂಗುರದ ಭಾಗ್ಯ. ಎಳ್ಳು, ಹತ್ತಿ, ಕಬ್ಬು ಇವೆಲ್ಲ ಹಿಂಡಿಸಿಕೊಂಡು, ಬಡಿಸಿಕೊಂಡು, ಅರೆಸಿಕೊಂಡು ಪರರಿಗೆ ಉಪಯೋಗವಾಗುತ್ತವೆ. ಶ್ರೀಗಂಧದ ನಾಡಿನವರಾದ ನಮ್ಮ ಮನಸ್ಸಿಗೆ ಹಿಡಿಸುವ ಇನ್ನೊಂದು ಹೋಲಿಕೆಯುಂಟು. ಗಂಧದ ಮರದ ನೆರೆಯಲ್ಲಿ ಬೆಳೆದ ಗಿಡಗಳೆಲ್ಲ ಪರಿಮಳವನ್ನು ಪಡೆದರೂ ಬಿದಿರು ಮಾತ್ರ ಪಡೆಯಲಾರದು. ಅದು ಎತ್ತರವೆಂಬ ಹೆಮ್ಮೆಯಲ್ಲಿದೆ, ಒಳಗೆ ಪೊಳ್ಳು, ಮೈಯೆಲ್ಲ ಗಂಟು. ಗುರುವಿನ ಸನ್ನಿಧಿಯಲ್ಲಿದ್ದೂ ಬದಲಾಗದ ಪಂಡಿತನನ್ನು ಇದಕ್ಕಿಂತ ಚೆನ್ನಾಗಿ ಚಿತ್ರಿಸುವುದು ಕಷ್ಟ.

ಹನ್ನೊಂದನೆಯ ವಾರು ಚರಿತ್ರಕಾರನಿಗೆ ನಿಧಿಯಂತಿದೆ. ಗುರುಗಳ ಕಾಲದ ಸಾಮಾನ್ಯ ಭಕ್ತರ ಹೆಸರುಗಳನ್ನು ಅದು ಊರೂರಿನ ಹೆಸರು ಹಿಡಿದು ಎಣಿಸುತ್ತದೆ. ಅರಸರ ವಂಶಾವಳಿಗಳನ್ನು ಬರೆದಿಟ್ಟವರು ನಮ್ಮ ದೇಶದಲ್ಲಿ ಬೇಕಾದಷ್ಟು ಮಂದಿ. ಲಂಗರಿನಲ್ಲಿ ಉಂಡವರ ಹೆಸರುಗಳನ್ನು ಬರೆದಿಟ್ಟವರು ಎಷ್ಟು ಜನ? ಲಾಹೋರು, ಆಗ್ರಾ, ಉಜ್ಜಯಿನಿಗಳ ಜೊತೆಗೆ ತಪತೀ ನದಿಯ ದಡದ ಬುರಹಾನಪುರದ ಭಕ್ತರೂ ಆ ಪಟ್ಟಿಯಲ್ಲಿದ್ದಾರೆ. ಬುರಹಾನಪುರವು ದಕ್ಷಿಣಾಪಥದ ಬಾಗಿಲು. ಆ ಬಾಗಿಲಿನಿಂದ ಈಚೆಗೆ ನಮ್ಮ ಬೀದರಿನಲ್ಲಿ ನಾನಕರ ಹೆಸರಿನ ಝರಿಯಿದೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲಸಾವನ್ನು ಸ್ಥಾಪಿಸಿದಾಗ ತಲೆಯನ್ನೊಪ್ಪಿಸಲು ಎದ್ದುನಿಂತ ಐವರಲ್ಲಿ ಒಬ್ಬನಾದ ಸಾಹಿಬ ಸಿಂಗನು ಬೀದರಿನ ನಾಪಿತನೆಂದು ಸಿಖ್ಖರ ಸಂಪ್ರದಾಯವು ಹೇಳುತ್ತದೆ.

ಗ್ರಂಥವು ಸ್ಥಾಪಿತವಾದ ಎರಡೇ ವರ್ಷಗಳಲ್ಲಿ ಸಿಡಿಲು ಬಡಿಯಿತು. 1605ರಲ್ಲಿ ಅಕ್ಬರನು ತೀರಿಕೊಂಡು ಜಹಾಂಗೀರನು ಪಟ್ಟಕ್ಕೆ ಬಂದನು. ಅವನ ಮಗ ಖುಸ್ರುವು ತಂದೆಯ ಮೇಲೆ ದಂಗೆಯೆದ್ದು ಪಂಜಾಬಿಗೆ ಓಡಿಬಂದಾಗ ಅರ್ಜುನರು ಅವನನ್ನು ಹರಸಿದರೆಂಬ ಆರೋಪವು ಹುಟ್ಟಿತು. 1606ರ ಮೇ ತಿಂಗಳಲ್ಲಿ ಲಾಹೋರಿನಲ್ಲಿ ಗುರುಗಳು ಚಿತ್ರಹಿಂಸೆಗೆ ಗುರಿಯಾಗಿ ಪ್ರಾಣಬಿಟ್ಟರು. ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಇದನ್ನು ಸಂಕೋಚವಿಲ್ಲದೆ ಬರೆದುಕೊಂಡಿದ್ದಾನೆ.

ಇತಿಹಾಸವನ್ನು ಪಾಠ ಹೇಳುವ ನಾವು ಇಂಥ ಕಡೆ ಆಸೆಯಿಂದ ಗುರುದಾಸರತ್ತ ತಿರುಗುತ್ತೇವೆ. ಹತ್ತಿರವಿದ್ದವರು, ಬಂಧುಗಳು, ಬರೆಯಬಲ್ಲವರು. ಅವರು ಏನು ಹೇಳುತ್ತಾರೆ? 24ನೆಯ ವಾರಿನಲ್ಲಿ ಒಂದೇ ಒಂದು ಪೌಡಿಯಿದೆ. ಅದರಲ್ಲಿ ಬಾದಶಹನ ಹೆಸರಿಲ್ಲ, ಊರಿನ ಹೆಸರಿಲ್ಲ, ಆರೋಪವಿಲ್ಲ, ಸೇಡಿನ ಮಾತಿಲ್ಲ. ಹೊಳೆಯಲ್ಲಿ ನೆಲೆಸಿದ ಮೀನು, ಜ್ಯೋತಿಯಲ್ಲಿ ಐಕ್ಯವಾದ ಪತಂಗ, ಸಂಕಟದಲ್ಲಿಯೂ ನಾದವನ್ನಲ್ಲದೆ ಬೇರೊಂದನ್ನು ನೆನೆಯದ ಜಿಂಕೆ, ಮುಚ್ಚಿದ ತಾವರೆಯೊಳಗೆ ರಾತ್ರಿಯನ್ನು ಕಳೆದ ದುಂಬಿ, ಉಪದೇಶವನ್ನು ಬಿಡದೆ ನುಡಿಯುವ ಚಾತಕ, ಇಷ್ಟೆ. ಮೊದಲು ಓದಿದಾಗ ನಮಗೆ ನಿರಾಶೆಯಾಯಿತು. ಸಾಕ್ಷಿಯು ನ್ಯಾಯಸ್ಥಾನದಲ್ಲಿ ನಿಂತು ಕವಿತೆಯನ್ನು ಹೇಳಿದಂತಾಯಿತಲ್ಲ ಎಂದುಕೊಂಡೆವು. ಎರಡು ಮೂರು ಬಾರಿ ಓದಿದ ಮೇಲೆ ಅದರಲ್ಲಿ ಹೇಳದೆ ಬಿಟ್ಟದ್ದರ ಭಾರವು ತಿಳಿಯತೊಡಗಿತು. ಹೊಳೆ, ರಾತ್ರಿ, ಉರಿ, ಸಂಕಟ, ಎಲ್ಲವೂ ಹೋಲಿಕೆಗಳೊಳಗೆ ಅಡಗಿಯೇ ಇವೆ. ತಾನು ಎತ್ತಿ ಆಡಿಸಿದ ಸೋದರಳಿಯನೂ, ತನ್ನ ಗುರುವೂ ಆದವನ ಸಾವನ್ನು ಅವರು ಬೇರೆ ಹೇಗೆ ಬರೆಯಬಹುದಾಗಿದ್ದಿತೋ ನಾವರಿಯೆವು.

ಆರನೆಯ ಗುರು ಹರಗೋವಿಂದರಿಗೆ ಆಗ ವಯಸ್ಸು ಹನ್ನೊಂದು. ತಂದೆಯ ಮರಣದ ತರುವಾಯ ಅವರು ಎರಡು ಖಡ್ಗಗಳನ್ನು ಧರಿಸಿದರು, ಅಕಾಲ ತಖ್ತವನ್ನು ಎಬ್ಬಿಸಿದರು. ಅದನ್ನು ಕಟ್ಟಿದವರು ಬಾಬಾ ಬುಡ್ಢಾ ಮತ್ತು ಗುರುದಾಸರೆಂದು ಪ್ರತೀತಿ. ಬೆಳೆದ ಮೇಲೆ ಗುರುಗಳು ಬೇಟೆಯಾಡಿದರು, ಸೈನ್ಯವನ್ನು ಕೂಡಿಸಿದರು, ಗ್ವಾಲಿಯರಿನ ಕೋಟೆಯಲ್ಲಿ ಸೆರೆಯಲ್ಲಿದ್ದು ಬಂದರು. ಹಳಬರಿಗೆ ಇದು ಹಿಡಿಸಲಿಲ್ಲ. ಹಿಂದಿನ ಗುರುಗಳು ಒಂದೆಡೆ ನೆಲಸಿ ಸಂತೈಸುತ್ತಿದ್ದರು, ಇವರು ಒಂದೆಡೆ ನಿಲ್ಲುವುದಿಲ್ಲ. ಬಾದಶಹರು ಅವರ ಮನೆಗೆ ಬರುತ್ತಿದ್ದರು, ಇವರನ್ನು ಬಾದಶಹನು ಕೋಟೆಗೆ ಕಳುಹಿದನು. ಅವರು ಪದಗಳನ್ನು ರಚಿಸಿ ಹಾಡುತ್ತಿದ್ದರು, ಇವರು ನಾಯಿಗಳನ್ನು ಕಟ್ಟಿಕೊಂಡು ಬೇಟೆಗೆ ಹೋಗುತ್ತಾರೆ, ಎಂದೆಲ್ಲ ಜನರು ಗೊಣಗಿದರು. ಈ ದೂರುಗಳು ನಮಗೆ ದೊರೆತಿರುವುದು ಗುರುದಾಸರ 26ನೆಯ ವಾರಿನಿಂದಲೇ. ದೂರುಗಳನ್ನು ಮೊಟಕು ಮಾಡದೆ, ಮೃದುಗೊಳಿಸದೆ ಅವರು ಒಂದೊಂದಾಗಿ ಬರೆದಿದ್ದಾರೆ. ಆಮೇಲೆ ಚಿಕ್ಕದಾಗಿ ಉತ್ತರ: ನಿಜವು ಮುಚ್ಚಿದರೆ ಮುಚ್ಚುವುದಲ್ಲ, ನಿಜವಾದ ಶಿಷ್ಯನು ತಾವರೆಗೆ ಎರಗಿದ ದುಂಬಿ, ಗುರುವು ತಾಳಲಾರದ್ದನ್ನು ತಾಳಿಕೊಂಡು ತೋರಿಸದೆ ಇದ್ದಾನೆ. ವಾದದ ದೃಷ್ಟಿಯಿಂದ ನೋಡಿದರೆ ದೂರೇ ಉತ್ತರಕ್ಕಿಂತ ಬಲವಾಗಿದೆಯೆಂದು ಯಾರಾದರೂ ಹೇಳಬಹುದು. ಎದುರಾಳಿಯ ಮಾತನ್ನು ಅಷ್ಟು ನ್ಯಾಯವಾಗಿ ಬರೆದಿಟ್ಟದ್ದರಲ್ಲಿ ನಾವು ಅವರ ಪ್ರಾಮಾಣಿಕತೆಯನ್ನು ಕಾಣುತ್ತೇವೆ.

ಆದರೂ ಗುರುದಾಸರಿಗೆ ಒಂದು ಪರೀಕ್ಷೆಯು ಕಾದಿದ್ದಿತು. ಗುರುವು ಏನು ವೇಷ ಹಾಕಿದರೂ, ಹೇಗೆ ಪರೀಕ್ಷಿಸಿದರೂ ಶಿಷ್ಯನ ಶ್ರದ್ಧೆಯು ಕದಲಬಾರದೆಂದು ಅವರು ಒಂದು ಪೌಡಿಯಲ್ಲಿ ಹಾಡಿದರು. ಹರಗೋವಿಂದರು ಅದನ್ನು ಕೇಳಿ ಸುಮ್ಮನಿದ್ದರು. ಕೆಲವು ದಿನಗಳಾದ ಮೇಲೆ ಕುದುರೆಗಳನ್ನು ಕೊಂಡುತರಲು ಅವರನ್ನು ಚಿನ್ನದ ನಾಣ್ಯಗಳ ಚೀಲಗಳೊಡನೆ ಕಾಬೂಲಿಗೆ ಕಳುಹಿದರಂತೆ. ವ್ಯಾಪಾರವು ಕುದುರಿತು, ಕುದುರೆಗಳನ್ನು ಜೊತೆಯವರ ವಶಕ್ಕೆ ಕೊಟ್ಟದ್ದೂ ಆಯಿತು. ಹಣವನ್ನು ತರಲು ಗುರುದಾಸರು ಡೇರೆಯೊಳಕ್ಕೆ ಹೋಗಿ ಚೀಲವನ್ನು ಬಿಚ್ಚಿದರೆ ಒಳಗೆ ಕಲ್ಲುಹರಳುಗಳು! ಹೊರಗೆ ಪಠಾಣ ವರ್ತಕರು ಕಾದಿದ್ದಾರೆ. ಶ್ರದ್ಧೆಯು ಕದಲಬಾರದೆಂದು ಹಾಡಿದವರು ಡೇರೆಯ ಹಿಂಬದಿಯನ್ನು ಸೀಳಿಕೊಂಡು ಓಡಿದರು. ಜೊತೆಯವರು ತಡವಾಯಿತೆಂದು ಒಳಗೆ ಬಂದು ನೋಡುವಾಗ ಚೀಲಗಳ ತುಂಬ ಚಿನ್ನವೇ ಇದ್ದಿತು. ಗುರುದಾಸರು ನಾಚಿಕೆಯಿಂದ ಊರಿಗೆ ಹಿಂದಿರುಗದೆ ಕಾಶಿಗೆ ಹೋದರು. ಅಲ್ಲಿ ಅವರ ಪಾಂಡಿತ್ಯಕ್ಕೆ ಜನರು ಮುತ್ತಿದರು. ಗುರುಗಳು ಅಲ್ಲಿಗೆ ಆಳುಗಳನ್ನು ಕಳುಹಿಸಿ, ನಮ್ಮ ಕಳ್ಳನೊಬ್ಬನು ನಿಮ್ಮಲ್ಲಿದ್ದಾನೆ, ಕೈಕಟ್ಟಿ ಕಳುಹಿಸಿ ಎಂದು ಹೇಳಿಸಿದರು. ಗುರುದಾಸರು ತಾವೇ ಎದ್ದುನಿಂತು, ಆ ಕಳ್ಳನು ನಾನೇ ಎಂದು ಕೈಗಳನ್ನು ಒಡ್ಡಿದರು.

ಈ ಕಥೆಯನ್ನು ನಾವು ಅಕ್ಷರಶಃ ಚರಿತ್ರೆಯೆಂದು ತೆಗೆದುಕೊಳ್ಳಬೇಕಾದುದಿಲ್ಲ. ಆದರೆ ಸಿಖ್ಖರು ತಮ್ಮ ಪಂಥದ ಪರಮಪಂಡಿತನನ್ನು ಕುರಿತು, ಅವನ ಮೇಲಣ ಗೌರವಕ್ಕೆ ಸ್ವಲ್ಪವೂ ಕುಂದಿಲ್ಲದೆ, ಇಂಥದೊಂದು ಕಥೆಯನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆಂಬುದು ನಿಶ್ಚಯವಾದ ಸಂಗತಿ. ತರಗತಿಯಲ್ಲಿ ಪೀಠದ ಮೇಲೆ ನಿಂತು ಧೈರ್ಯವನ್ನೂ ತ್ಯಾಗವನ್ನೂ ವರ್ಣಿಸುವ ನಮ್ಮಂಥವರಿಗೆ ಆ ಡೇರೆಯ ಹಿಂಬದಿಯ ಸೀಳು ಕಣ್ಣಿಗೆ ಕಟ್ಟಿದಂತಿದೆ. 35ನೆಯ ವಾರಿನ ಕೊನೆಯಲ್ಲಿ ಎರಡು ಮಾತುಗಳೂ ಒಂದರ ಬಳಿಯಲ್ಲೊಂದು ನಿಂತಿವೆ. ಮೊದಲನೆಯದು ಶಿಷ್ಯನು ಕದಲಬಾರದೆಂಬುದು. ಎರಡನೆಯದರ ಭಾವವು ಬೇರೆ: ತಾಯಿಯೇ ಮಗುವಿಗೆ ವಿಷವಿಕ್ಕಿದರೆ, ಕಾವಲಿನವನೇ ಕದ್ದರೆ ಯಾರಲ್ಲಿ ದೂರುವುದು, ಗುರುವೇ ಮರುಳುಗೊಳಿಸಲು ಹೊರಟರೆ ಬಡಶಿಷ್ಯನ ಕೈಯಲ್ಲಿ ಏನಿದೆ, ಎಂಬುದು. ಮೊದಲಿನ ಮಾತನ್ನು ಅವರು ಅಳಿಸಿಹಾಕಲಿಲ್ಲ. ಎರಡನ್ನೂ ಉಳಿಸಿದರು.

1636ರ ಸುಮಾರಿಗೆ ಗುರುದಾಸರು ತಾವು ಬೆಳೆದ ಗೋಯಿಂದವಾಲದಲ್ಲಿಯೇ ತೀರಿಕೊಂಡರು. ಅಂತ್ಯಕಾಲದಲ್ಲಿ ಹರಗೋವಿಂದರು ಅವರ ಬಳಿಗೆ ಬಂದಿದ್ದರೆಂದು ಹೇಳುತ್ತಾರೆ. ಗ್ರಂಥದಲ್ಲಿ ಇಂದಿಗೂ ಅವರದೊಂದು ಸಾಲಿಲ್ಲ. ಆದರೆ ಸಿಖ್ಖರ ಮಂದಿರಗಳಲ್ಲಿ ಆ ಗ್ರಂಥದ ಮುಂದೆ ಕುಳಿತು ಕೀರ್ತನೆ ಮಾಡುವಾಗ, ಗುರುಗಳ ವಾಣಿಯನ್ನು ಬಿಟ್ಟರೆ, ಹಾಡಲು ಅಪ್ಪಣೆಯಿರುವುದು ಇಬ್ಬರ ಕೃತಿಗಳಿಗೆ ಮಾತ್ರ. ಒಬ್ಬರು ಗುರು ಗೋವಿಂದ ಸಿಂಗರ ಆಸ್ಥಾನದಲ್ಲಿದ್ದ ಪಾರಸಿ ಕವಿ ಭಾಯಿ ನಂದಲಾಲರು. ಇನ್ನೊಬ್ಬರು ಭಾಯಿ ಗುರುದಾಸರು.